ಮೇಲ್ತುಟಿಗೆ ಫಿಲ್ಲರ್: ಅರ್ಧ ಎಂಎಲ್ ಸಾಕಾ, ಪೂರ್ತಿ ಒಂದು ಬೇಕಾ?

ಹಿತ್ತಲಮಲ್ಲಿಗೆ, ತುಮಕೂರು
ಮಾರ್ಚ್ 9

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ. ತುಮಕೂರು ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಈ ವಿಷಯವನ್ನು ಅಮ್ಮನಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಸ್ಟಾಫ್ ರೂಮಿನಲ್ಲಿ ಬಾಯಿ ಬಿಡುವ ಹಾಗೇ ಇಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ಕೆಳತುಟಿ ಸರಿಯಾಗಿದೆ. ಮೇಲ್ತುಟಿ ತೀರಾ ತೆಳು. ಸುಮ್ಮನಿದ್ದಾಗ ಗೆರೆ ಎಳೆದಷ್ಟು ಕಾಣುತ್ತದೆ. ನಕ್ಕರೆ ಅದೂ ಒಳಗೆ ಮಡಚಿಕೊಳ್ಳುತ್ತದೆ. ಹಲ್ಲು ಕಾಣುತ್ತದೆ, ಒಂದಿಷ್ಟು ಒಸಡು ಕಾಣುತ್ತದೆ, ತುಟಿ ಕಾಣುವುದಿಲ್ಲ. ಶಾಲೆಯ ವಾರ್ಷಿಕೋತ್ಸವದ ಫೋಟೊಗಳಲ್ಲೆಲ್ಲ ಬಾಯಿ ಮುಚ್ಚಿಕೊಂಡೇ ನಿಂತಿದ್ದೇನೆ. ಹತ್ತು ವರ್ಷದ ಫೋಟೊಗಳು, ಒಂದರಲ್ಲೂ ನಕ್ಕಿಲ್ಲ. ಅದನ್ನು ಮೊದಲು ಗಮನಿಸಿದ್ದು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ. "ಮಿಸ್, ಕ್ಲಾಸಲ್ಲಿ ಅಷ್ಟೊಂದು ನಗ್ತೀರಿ, ಫೋಟೊದಲ್ಲಿ ಯಾಕೆ ನಗಲ್ಲ?" ಅಂದಳು. ಅವಳಿಗೆ ಏನು ಹೇಳಲಿ? ಆವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮೇ 15ಕ್ಕೆ ತಮ್ಮನ ಮದುವೆ. ಏಪ್ರಿಲ್ ಎರಡನೇ ವಾರದಿಂದ ಬೇಸಿಗೆ ರಜೆ. ತುಟಿಗೆ ಜೆಲ್ ಚುಚ್ಚಿ ತುಂಬಿಸುವ ಫಿಲ್ಲರ್ ಮಾಡಿಸುವುದಾದರೆ ಈಗಲೇ ಎಂದುಕೊಂಡು ಬೆಂಗಳೂರಿನಲ್ಲಿ ಎರಡು ಕಡೆ ತೋರಿಸಿಕೊಂಡು ಬಂದೆ. ಇಬ್ಬರು ಹೇಳಿದ್ದೂ ಪೂರ್ತಿ ಬೇರೆ ಬೇರೆ.

ಜಯನಗರದ ಡಾಕ್ಟರಮ್ಮ ನನ್ನನ್ನು ಕಿಟಕಿ ಹತ್ತಿರ ಕೂರಿಸಿ ಮಾತಾಡಿಸಿದರು, ನಗಿಸಿದರು, ಪಕ್ಕದಿಂದ ನೋಡಿದರು. "ಮೇಲ್ತುಟಿಗೆ ಅರ್ಧ ಎಂಎಲ್ ಒಳಗೇ ಸಾಕು. ಒಂದು ತಿಂಗಳು ಬಿಟ್ಟು ನೋಡೋಣ" ಎಂದರು. ಒಂದು ಎಂಎಲ್ ಸಿರಿಂಜಿಗೆ 28,000 ರೂಪಾಯಿ, ಉಳಿದ ಅರ್ಧವನ್ನು ನನ್ನ ಹೆಸರು ಬರೆದು ಫ್ರಿಜ್ಜಿನಲ್ಲಿ ಇಡುತ್ತೇವೆ ಎಂದು ರಿಸೆಪ್ಷನ್ನಿನಲ್ಲಿ ಹೇಳಿದರು. ಇನ್ನೊಂದು ಕಡೆ ಡಾಕ್ಟರ್ ಸಿಕ್ಕಿದ್ದು ಐದು ನಿಮಿಷ. "ಅರ್ಧ ಹಾಕಿದರೆ ಯಾರಿಗೂ ಗೊತ್ತಾಗುವುದೇ ಇಲ್ಲ, ದುಡ್ಡು ದಂಡ. ಮದುವೆ ಫೋಟೊಗೆ ತುಂಬಿಕೊಂಡಂತೆ ಕಾಣಬೇಕಾದರೆ ಒಂದು ಬೇಕೇ ಬೇಕು" ಎಂದರು. ಎರಡು ಸಿರಿಂಜ್ ತೆಗೆದುಕೊಂಡರೆ ಎರಡನೆಯದು ಅರ್ಧ ಬೆಲೆಗಂತೆ.

ಯಾರಿಗೂ ಗೊತ್ತಾಗಬಾರದು ಎನ್ನುವುದೇ ಅಲ್ವಾ ನನಗೆ ಬೇಕಾದದ್ದು? ಆದರೂ ಮನಸ್ಸು ಓಲಾಡುತ್ತಿದೆ. ಇಷ್ಟು ದುಡ್ಡು ಕೊಟ್ಟ ಮೇಲೆ ಸ್ವಲ್ಪ ತುಂಬಿಕೊಂಡೇ ಕಾಣಲಿ ಅಂತಲೂ ಅನ್ನಿಸುತ್ತದೆ. ಯಾವ ಬ್ರ್ಯಾಂಡ್ ಎಂದರೆ ಒಬ್ಬರು ರೆಸ್ಟಿಲೇನ್ ಎಂದರು, ಇನ್ನೊಬ್ಬರು ಜುವೆಡರ್ಮ್ ಎಂದರು. ಇವುಗಳಲ್ಲಿ ವ್ಯತ್ಯಾಸ ಏನು?

ಇನ್ನೂ ಮೂರು ವಿಷಯ. ನಾನು ದಿನಕ್ಕೆ ಐದು ಪೀರಿಯಡ್ ಮಾತಾಡುವವಳು. ಉಚ್ಚಾರಣೆ ಕೆಡುತ್ತದಾ? ನಮ್ಮದು ಮಾಂಸ ತಿನ್ನದ ಮನೆ. ಇದನ್ನು ಕೋಳಿ ಜುಟ್ಟಿನಿಂದ ಮಾಡುತ್ತಾರೆ ಎಂದು ಯಾರೋ ಹೇಳಿದರು, ನಿಜವೇ? ಮತ್ತೆ, ನನ್ನ ಚಿಕ್ಕಮ್ಮನ ಮಗಳಿಗೆ 19. ಅವಳೂ ನನ್ನ ಜೊತೆ ಮಾಡಿಸಿಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಪಾರ್ಲರಿನಲ್ಲಿ ಸೂಜಿ ಇಲ್ಲದ ಪೆನ್ನಿನಿಂದ ಮಾಡುತ್ತಾರಂತೆ, ಬರೀ 6,000 ಅಂತೆ.

ಮಾಡಿಸಿಕೊಂಡವರು ಇದ್ದರೆ ದಯವಿಟ್ಟು ಹೇಳಿ.


ಕಪಿಲೆಯ ದಡ, ನಂಜನಗೂಡು / ಬೆಂಗಳೂರು
ಮಾರ್ಚ್ 9

ತಂಗಿ, ನಾನು ಮಾಡಿಸಿಕೊಂಡಿದ್ದೇನೆ. ಒಂದಲ್ಲ, ಮೂರು ಸಲ. ನಡುವೆ ಒಮ್ಮೆ ಪೂರ್ತಿ ಕರಗಿಸಿಕೊಂಡೂ ಇದ್ದೇನೆ. ಅದಕ್ಕೇ ಉದ್ದಕ್ಕೆ ಬರೆಯುತ್ತೇನೆ, ಪುರುಸೊತ್ತಿನಲ್ಲಿ ಓದು.

ಮೊದಲು ಮಾಡಿಸಿದ್ದು 2022ರಲ್ಲಿ. ಆಗ ನನಗೆ 36. ನಿನ್ನ ಹಾಗೇ ಮೇಲ್ತುಟಿ ತೆಳು. ಡಾಕ್ಟರು ಮೊದಲು ಒಂದು ಕೆಲಸ ಮಾಡಿದರು. ಸಿರಿಂಜಿನ ತುದಿಯಿಂದ ಜೆಲ್ಲನ್ನು ತಮ್ಮ ಗ್ಲೌಸಿನ ಬೆರಳಿನ ಮೇಲೆ ಒಂದು ಚೂರು ಹಿಂಡಿ ತೋರಿಸಿದರು. ಸಾಬಕ್ಕಿ ಕಾಳಿನಷ್ಟಿತ್ತು. ಬೆಂದ ಸಾಬಕ್ಕಿಯ ಹಾಗೇ ಕಣ್ಣಿಗೆ ಕಂಡೂ ಕಾಣದಂತೆ ಇತ್ತು. "ತುಟಿಯ ಒಂದೊಂದು ಜಾಗಕ್ಕೆ ಹೋಗುವುದು ಇಷ್ಟೇ. ಔಷಧಿ ಕುಡಿಯುವ ಚಮಚದಲ್ಲಿ 5 ಎಂಎಲ್ ಹಿಡಿಯುತ್ತದೆ, ಪೂರ್ತಿ ಸಿರಿಂಜ್ ಅದರ ಐದನೇ ಒಂದು ಪಾಲು" ಎಂದರು. ಆಗ ನನಗೆ ಸಮಾಧಾನ ಆಯಿತು. ಆದರೆ ಅದೇ ಐದನೇ ಒಂದು ಪಾಲು ತೆಳು ತುಟಿಗೆ ಎಷ್ಟು ಜಾಸ್ತಿ ಅಂತ ಆಮೇಲೆ ಗೊತ್ತಾಯಿತು.

ಆ ಸಲ ಹಾಕಿದ್ದು ಅರ್ಧ ಎಂಎಲ್. ಮರಗಟ್ಟುವ ಕ್ರೀಮ್ ಹಚ್ಚಿ ಮುಕ್ಕಾಲು ಗಂಟೆ ಕೂರಿಸಿದರು. ಸೂಜಿ ಚುಚ್ಚಿದ್ದು ಕಣ್ಣಲ್ಲಿ ನೀರು ಬರುವಷ್ಟು ನೋವಾಯಿತು, ಸುಳ್ಳು ಹೇಳುವುದಿಲ್ಲ. ಮೂಗಿನ ಕೆಳಗೆ ಬರುವಾಗ ಜಾಸ್ತಿ. ಆದರೆ ಜೆಲ್ಲಿನಲ್ಲೇ ಮರಗಟ್ಟುವ ಔಷಧಿ ಬೆರೆತಿರುತ್ತದೆ, ಎರಡನೇ ಬದಿಗೆ ಬರುವಷ್ಟರಲ್ಲಿ ಅಷ್ಟು ಗೊತ್ತಾಗಲಿಲ್ಲ.

ಮಾರನೇ ದಿನ ಬೆಳಗ್ಗೆ ಕನ್ನಡಿ ನೋಡಿ ಎದೆ ಧಸಕ್ ಎಂದಿತು. ಜೇನು ಕಚ್ಚಿದ ಹಾಗೆ ಊದಿತ್ತು. ಲೋಟಕ್ಕೆ ತುಟಿ ಸರಿಯಾಗಿ ಕೂರುತ್ತಿರಲಿಲ್ಲ, ಕಾಫಿ ಎತ್ತಿ ಕುಡಿದೆ. ಎಡಗಡೆ ಬಾಯಿಕೊನೆಯಲ್ಲಿ ನೇರಳೆ ಹಣ್ಣಿನ ಬಣ್ಣಕ್ಕೆ ರಕ್ತ ಕಟ್ಟಿತ್ತು. ಡಾಕ್ಟರು ಮೊದಲೇ ಹೇಳಿದ್ದರು: ಒಂದೆರಡು ದಿನ ಊತ ಏರುತ್ತದೆ, ಆಮೇಲೆ ಇಳಿಯುತ್ತದೆ, ಎರಡು ವಾರ ಆಗುವ ತನಕ ಒಳ್ಳೆಯದು ಕೆಟ್ಟದ್ದು ಅಂತ ತೀರ್ಮಾನ ಮಾಡಬೇಡಿ ಅಂತ. ಹಾಗೇ ಆಯಿತು. ನಾಲ್ಕನೇ ವಾರಕ್ಕೆ ನನ್ನದೇ ತುಟಿ, ಸ್ವಲ್ಪ ತುಂಬಿಕೊಂಡಿತ್ತು ಅಷ್ಟೇ. ಆಫೀಸಿನಲ್ಲಿ ಒಬ್ಬರು "ಚೆನ್ನಾಗಿ ನಿದ್ದೆ ಮಾಡ್ತಿದ್ದೀಯಾ ಅನ್ಸುತ್ತೆ" ಎಂದರು. ನನಗೆ ಅಷ್ಟು ಖುಷಿ ಆಗಿದ್ದು ನೆನಪಿಲ್ಲ.

ತಪ್ಪಾಗಿದ್ದು ಇಲ್ಲಿ. ಎಂಟು ತಿಂಗಳ ಮೇಲೆ ಇಳಿದು ಹೋಗಿದೆ ಅನ್ನಿಸಿತು. ನಿಜವಾಗಿ ಇಳಿದಿತ್ತೋ, ನನ್ನ ಕಣ್ಣು ಅದಕ್ಕೆ ಒಗ್ಗಿಹೋಗಿತ್ತೋ, ಹಳೆಯ ಫೋಟೊ ಪಕ್ಕದಲ್ಲಿಟ್ಟು ನೋಡಲೇ ಇಲ್ಲ. ಬೇರೆ ಕಡೆ ಆಫರ್ ಇತ್ತು, ಹೋದೆ. ಅಲ್ಲಿ ಒಂದು ಎಂಎಲ್ ಪೂರ್ತಿ ಮೇಲ್ತುಟಿಗೇ ಹಾಕಿದರು. ಒಳಗೆ ಹಳೆಯದು ಉಳಿದಿದೆಯಾ ಅಂತ ಯಾರೂ ಮುಟ್ಟಿ ನೋಡಲಿಲ್ಲ. ಎರಡು ತಿಂಗಳಿಗೆ ತುಟಿಯ ಅಂಚು ದಾಟಿ ಮೇಲಕ್ಕೆ, ಮೀಸೆ ಬರುವ ಜಾಗದಲ್ಲಿ, ಒಂದು ಉಬ್ಬು ಕೂತಿತು. ಎದುರಿನಿಂದ ಅಷ್ಟು ಕಾಣುತ್ತಿರಲಿಲ್ಲ. ಪಕ್ಕದಿಂದ ನೋಡಿದರೆ ಮೂಗಿನ ಕೆಳಗೆ ತಗ್ಗೇ ಇಲ್ಲ, ನೇರ ಚಾಚಿಕೊಂಡಿತ್ತು. ನಕ್ಕರೆ ಆ ಉಬ್ಬು ನೆರಳಾಗಿ ಬೀಳುತ್ತಿತ್ತು. ಅಕ್ಕನ ಮಗ, ನಾಲ್ಕು ವರ್ಷದವನು, ನನ್ನ ತುಟಿ ಮೇಲೆ ಬೆರಳಿಟ್ಟು "ಇಲ್ಲಿ ಉವ್ವು ಆಗಿದೆಯಾ?" ಅಂತ ಕೇಳಿದ.

ಮೊದಲಿನ ಡಾಕ್ಟರ ಹತ್ತಿರವೇ ವಾಪಸು ಹೋದೆ. ಅವರು ಬೈಯಲಿಲ್ಲ. ಹೈಲುರೊನಿಡೇಸ್ ಎಂಬ ಇಂಜೆಕ್ಷನ್ ಕೊಟ್ಟು ಕರಗಿಸಿದರು. ಉರಿ, ಉರಿ. ಆದರೆ ಮಾರನೇ ದಿನಕ್ಕೇ ಮುಕ್ಕಾಲು ಇಳಿದಿತ್ತು. ಎರಡು ವಾರ ಬಿಟ್ಟು ಮತ್ತೊಮ್ಮೆ ಸ್ವಲ್ಪ. ಕೊನೆಗೆ ತುಟಿ ಸುಕ್ಕು ಸುಕ್ಕಾಗಿ, ಮೊದಲಿಗಿಂತಲೂ ತೆಳು ಆದಂತೆ ಅನ್ನಿಸಿ ಅತ್ತೆ. ಅದೂ ಕೆಲವು ವಾರದಲ್ಲಿ ಸರಿಹೋಯಿತು. ಮೂರು ತಿಂಗಳ ಮೇಲೆ ಮತ್ತೆ ಅರ್ಧ ಎಂಎಲ್ ಹಾಕಿಸಿದೆ. ಈಗ ಅದೇ ಇದೆ.

ಇದರಿಂದ ನಾನು ಹೇಳುವುದು ಇಷ್ಟೇ. ಸಹಜವಾಗಿ ಕಾಣುವುದು, ತುಂಬಿಕೊಂಡು ಕಾಣುವುದು ಎರಡೂ ಬೇರೆ ಬೇರೆ ದಾರಿ ಅಂತ ನಮಗೆ ಹೇಳುತ್ತಾರೆ. ಹಾಗೇನಿಲ್ಲ. ದಾರಿ ಒಂದೇ, ಎಲ್ಲಿ ನಿಲ್ಲಿಸುತ್ತೀಯ ಅನ್ನುವುದು ಮುಖ್ಯ. ಅರ್ಧದಲ್ಲಿ ನಿಂತು, ತಿಂಗಳಾದ ಮೇಲೆ ಬೇಕಾದರೆ ಇನ್ನೊಂದು ಚೂರು ಹಾಕಿಸಬಹುದು. ಒಂದೇ ದಿನ ತುಂಬಿಸಿದರೆ ಹಿಂದೆ ಬರುವುದು ನನ್ನ ಹಾಗೆ ಸೂಜಿ ಚುಚ್ಚಿಸಿಕೊಂಡೇ. ಮತ್ತೆ, ತೆಳು ತುಟಿಯಲ್ಲಿ ಜಾಗವೇ ಕಡಿಮೆ ಇರುತ್ತದೆ. ಅಕ್ಕಿ ಚೀಲ ತುಂಬಿದ ಮೇಲೂ ತುರುಕಿದರೆ ಹೊಲಿಗೆ ಬಿಡುತ್ತದಲ್ವಾ, ಹಾಗೆ ಅಂಚು ದಾಟಿ ಹೋಗುತ್ತದೆ.

ಜಯನಗರದವರು ಮಾತಾಡಿಸಿ ನಗಿಸಿ ನೋಡಿದರು ಅಂದೆಯಲ್ಲ, ನಾನಾಗಿದ್ದರೆ ಅಲ್ಲಿಗೇ ಹೋಗುತ್ತಿದ್ದೆ. ನಮ್ಮ ತುಟಿಯನ್ನು ಜನ ನೋಡುವುದು ಮಾತಾಡುವಾಗ, ನಗುವಾಗ, ಊಟ ಮಾಡುವಾಗ.


ಚರ್ಮದ ಡಾಕ್ಟರ್, ಹುಬ್ಬಳ್ಳಿ
ಮಾರ್ಚ್ 10

ಮೇಡಂ, ನಾನು ಚರ್ಮವೈದ್ಯೆ. ನಿಮ್ಮ ತುಟಿಯನ್ನು ನಾನು ನೋಡಿಲ್ಲ, ಹಾಗಾಗಿ ಇಷ್ಟೇ ಹಾಕಿಸಿ ಎಂದು ಹೇಳಲಾರೆ. ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ.

ಈ ಫಿಲ್ಲರ್ ಜೆಲ್ಲಿನಲ್ಲಿರುವುದು ಹೈಲುರಾನಿಕ್ ಆಸಿಡ್, ಹೆಸರಿಗೆ ಮಾತ್ರ ಆಸಿಡ್. ನಿಜವಾಗಿ ಸಕ್ಕರೆಯ ಅಂಶಗಳು ಸರದಂತೆ ಪೋಣಿಸಿದ ಒಂದು ವಸ್ತು. ನಮ್ಮ ಚರ್ಮ, ಕೀಲು, ಕಣ್ಣಿನಲ್ಲೆಲ್ಲ ಇದೆ. 1934ರಲ್ಲಿ ಇದನ್ನು ಮೊದಲು ಬೇರ್ಪಡಿಸಿದ್ದೇ ಹಸುವಿನ ಕಣ್ಣಿನೊಳಗಿನ ಲೋಳೆಯಿಂದ. ಕೋಳಿ ಜುಟ್ಟಿನ ಮಾತು ಪೂರ್ತಿ ಸುಳ್ಳಲ್ಲ, ಹಿಂದೆ ಅದರಿಂದ ತೆಗೆದ ಫಿಲ್ಲರ್ ಇತ್ತು. ನಿಮಗೆ ಹೇಳಿರುವ ಎರಡೂ ಕಂಪನಿಯವು ಬ್ಯಾಕ್ಟೀರಿಯಾ ಬೆಳೆಸಿ ಅದರಿಂದ ತೆಗೆದವು. ಮನೆಯಲ್ಲಿ ಧೈರ್ಯವಾಗಿ ಹೇಳಿ.

ದೇಹದಲ್ಲಿರುವ ಹೈಲುರಾನಿಕ್ ಆಸಿಡ್ ಒಂದೆರಡು ದಿನದಲ್ಲೇ ಕರಗಿ ಹೊಸದು ಹುಟ್ಟುತ್ತಿರುತ್ತದೆ. ಫಿಲ್ಲರ್ ತಿಂಗಳುಗಟ್ಟಲೆ ನಿಲ್ಲುವುದು ಅದರ ಎಳೆಗಳನ್ನು ರಾಸಾಯನಿಕದಿಂದ ಒಂದಕ್ಕೊಂದು ಕಟ್ಟಿರುವುದರಿಂದ. ನನ್ನ ಬಳಿ ಬರುವವರಿಗೆ ಪಾಕದ ಉದಾಹರಣೆ ಕೊಡುತ್ತೇನೆ. ಒಂದೆಳೆ ಪಾಕ ಬೆರಳಿಗೆ ಮೆತ್ತಗೆ ಹರಿಯುತ್ತದೆ, ಇನ್ನೂ ಕಾಸಿದರೆ ಉಂಡೆ ಕಟ್ಟಬಹುದು. ಗಲ್ಲ, ಕೆನ್ನೆಗೆ ಗಟ್ಟಿ ಜೆಲ್ ಬೇಕು. ತುಟಿ ಇಡೀ ದಿನ ಅಲ್ಲಾಡುವ ಜಾಗ, ಅಲ್ಲಿಗೆ ಮೆತ್ತಗಿನದ್ದು, ಎಳೆದರೆ ಬಾಗುವಂಥದ್ದು ಬೇಕು. ರೆಸ್ಟಿಲೇನ್ ಸ್ವೀಡನ್ನಿನದು, ಜುವೆಡರ್ಮ್ ಫ್ರಾನ್ಸಿನಲ್ಲಿ ತಯಾರಾಗುವುದು. ಎರಡರಲ್ಲೂ ಹಲವು ಬಗೆ ಇವೆ. ಜುವೆಡರ್ಮ್‌ನಲ್ಲೇ ವೋಲ್ಬೆಲ್ಲಾ ಎಂಬುದರಲ್ಲಿ ಒಂದು ಎಂಎಲ್‌ಗೆ ಈ ಆಸಿಡ್ 15 ಮಿಲಿಗ್ರಾಂ, ಅಲ್ಟ್ರಾ ಎಂಬುದರಲ್ಲಿ 24 ಮಿಲಿಗ್ರಾಂ ಇರುತ್ತದೆ. ಮೊದಲನೆಯದು ನೀರು ಕಡಿಮೆ ಎಳೆದುಕೊಳ್ಳುತ್ತದೆ, ಮೆಲ್ಲಗೆ ಕಾಣುತ್ತದೆ. ಎರಡನೆಯದು ಜಾಸ್ತಿ ತುಂಬಿಕೊಳ್ಳುತ್ತದೆ. ಹಾಗಾಗಿ ಬರೀ ಕಂಪನಿ ಹೆಸರು ಕೇಳಿ ಬರಬೇಡಿ, ಯಾವ ಬಗೆ ಎಂದು ಕೇಳಿ. ಆದರೂ ಬ್ರ್ಯಾಂಡಿಗಿಂತ ಹಾಕುವ ಕೈ ದೊಡ್ಡದು, ಇದು ನನ್ನ ಅನುಭವ.

ಉಳಿದ ಅರ್ಧವನ್ನು ಫ್ರಿಜ್ಜಿನಲ್ಲಿಡುವುದು ಬೇಡ. ಸಿರಿಂಜ್ ಒಬ್ಬರಿಗೆ, ಒಂದೇ ಸಲಕ್ಕೆ. ತೆರೆದ ಮೇಲೆ ಉಳಿದದ್ದನ್ನು ಎಸೆಯಬೇಕು ಎಂದು ತಯಾರಕರೇ ಹೇಳುತ್ತಾರೆ. ಎಷ್ಟೋ ಕಡೆ ಇಡುತ್ತಾರೆ, ರೋಗಿಯ ದುಡ್ಡು ಉಳಿಯಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಇಡುತ್ತಾರೆ. ಆದರೆ ಸೋಂಕು ತಗುಲಿದರೆ ತಿಂಗಳುಗಟ್ಟಲೆ ಗಂಟು ಉಳಿಯಬಹುದು. ವೋಲ್ಬೆಲ್ಲಾ 0.55 ಎಂಎಲ್‌ನ ಸಣ್ಣ ಸಿರಿಂಜಿನಲ್ಲೂ ಬರುತ್ತದೆ. ಸಿಗುತ್ತದೆಯೇ ಎಂದು ಕೇಳಿ ನೋಡಿ.

ಎಲ್ಲರೂ ಊತದ ಬಗ್ಗೆ ಹೇಳುತ್ತಾರೆ. ನಾನು ರಕ್ತನಾಳದ ಬಗ್ಗೆ ಹೇಳಬೇಕು. ಎರಡೂ ತುಟಿಯೊಳಗೆ ಅಡ್ಡಕ್ಕೆ ರಕ್ತನಾಳ ಹರಿಯುತ್ತದೆ. ಜೆಲ್ ಅದರೊಳಗೆ ಹೋದರೆ, ಅಥವಾ ಹೊರಗಿನಿಂದ ಒತ್ತಿದರೆ, ಆ ಭಾಗಕ್ಕೆ ರಕ್ತ ನಿಲ್ಲುತ್ತದೆ. ಅಪರೂಪ, ಆದರೂ ಹಾಗೇನಾದರೂ ಆದರೆ ಗಂಟೆಗಳ ಲೆಕ್ಕ. ತುಟಿ ಬಿಳಿಚಿಕೊಳ್ಳುವುದು, ಆಮೇಲೆ ಬಲೆ ಹರಡಿದಂತೆ ನೇರಳೆ ಗೆರೆ, ತಡೆಯಲಾರದ ನೋವು. ಜೆಲ್ಲಿನಲ್ಲಿ ಮರಗಟ್ಟುವ ಔಷಧಿ ಇರುವುದರಿಂದ ಮೊದಲ ಕೆಲವು ಗಂಟೆ ನೋವು ಗೊತ್ತಾಗದೆಯೂ ಇರಬಹುದು. ನಮ್ಮ ತುಟಿಯ ಬಣ್ಣ ಗಾಢ, ಬಿಳಿಚಿದ್ದು ಹೊರಗೆ ಸರಿಯಾಗಿ ಕಾಣುವುದಿಲ್ಲ. ತುಟಿ ಮಡಚಿ ಒಳಮೈಯನ್ನೂ ನೋಡಿ. ಬೆರಳಿನಿಂದ ಒತ್ತಿ ಬಿಡಿ. ಎರಡು ಮೂರು ಸೆಕೆಂಡಿನಲ್ಲಿ ಬಣ್ಣ ವಾಪಸು ಬರಬೇಕು. ಬರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿ ಎರಡು ಗಂಟೆಯಾದರೂ ಫೋನ್ ಮಾಡಿ. ನೀವು ತುಮಕೂರಿಗೆ ವಾಪಸು ಹೋಗುವವರು. ಆ ರಾತ್ರಿ ಬೆಂಗಳೂರಿನಲ್ಲೇ ನೆಂಟರ ಮನೆಯಲ್ಲಿ ಉಳಿಯಿರಿ.

ಅದಕ್ಕೇ ಹೋಗುವ ಮೊದಲು ಈ ಪ್ರಶ್ನೆ ಕೇಳಿ: "ಹೈಲುರೊನಿಡೇಸ್ ನಿಮ್ಮ ಕ್ಲಿನಿಕ್ಕಿನಲ್ಲಿ ಈಗಲೇ ಇದೆಯಾ?" ಇದೆ ಎಂದು ತೋರಿಸಬೇಕು. ಜೇನುಹುಳ, ಕಣಜ ಕಚ್ಚಿ ನಿಮಗೆ ಎಂದಾದರೂ ಮೈಯೆಲ್ಲ ಊದಿದ್ದರೆ ಮೊದಲೇ ಹೇಳಿ, ಅವುಗಳ ವಿಷದಲ್ಲೂ ಇದೇ ಬಗೆಯ ಕಿಣ್ವ ಇರುತ್ತದೆ. ಜ್ವರ ಬಂದಾಗ ತುಟಿ ಅಂಚಿನಲ್ಲಿ ನೀರುಗುಳ್ಳೆ ಏಳುವ ಅಭ್ಯಾಸ ಇದ್ದರೂ ಹೇಳಿ, ಮುಂಚಿತವಾಗಿ ಮಾತ್ರೆ ಕೊಡುತ್ತಾರೆ. ಗರ್ಭಿಣಿ, ಹಾಲುಣಿಸುವ ತಾಯಿ ಮಾಡಿಸಬಾರದು. ಹಲ್ಲಿನ ಕೆಲಸ ಇದ್ದರೆ ಎರಡು ವಾರ ಹಿಂದೆ ಮುಂದೆ ಇರಲಿ.

ನಕ್ಕಾಗ ತುಟಿ ಒಳಗೆ ಮಡಚಿಕೊಳ್ಳುತ್ತದೆ ಎಂದಿರಿ. ಅದು ಸ್ವಲ್ಪ ಮಟ್ಟಿಗೆ ಸ್ನಾಯುವಿನ ಎಳೆತ. ಅದಕ್ಕೆ ಕೆಲವರು ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಸೇರಿಸಿ ಹಾಕೋಣ ಎನ್ನುತ್ತಾರೆ. ನೀವು ಕನ್ನಡ ಮೇಷ್ಟ್ರು. ಬೊಟಾಕ್ಸ್ ಹಾಕಿದರೆ ತುಟಿ ಬಿಗಿಯಾಗಿ ಮುಚ್ಚುವ ಶಕ್ತಿ ಕಡಿಮೆಯಾಗಿ ಪ, ಬ, ಮ ಕೆಲವು ವಾರ ಸಡಿಲವಾಗಬಹುದು. ನನಗಾದರೆ ನಿಮಗೆ ಅದು ಬೇಡ ಅನ್ನಿಸುತ್ತದೆ. ಬರೀ ಫಿಲ್ಲರಿನಿಂದ ಉಚ್ಚಾರಣೆ ತೊಡಕು ಊತ ಇರುವ ಎರಡು ಮೂರು ದಿನ ಮಾತ್ರ.

19ರ ಹುಡುಗಿಗೆ ಬೇಡ ಎನ್ನಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತುಟಿ ಫಿಲ್ಲರಿಗೆ ಮೊದಲು ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ, ಅದೂ 21 ದಾಟಿದವರಿಗೆ. ಸೂಜಿ ಇಲ್ಲದ ಪೆನ್ ಬಳಸಬೇಡಿ ಎಂದು ಅದೇ ಎಫ್‌ಡಿಎ 2021ರ ಅಕ್ಟೋಬರಿನಲ್ಲಿ ಎಚ್ಚರಿಸಿದೆ. ಆ ಪೆನ್ ಒತ್ತಡದಿಂದ ಜೆಲ್ಲನ್ನು ನುಗ್ಗಿಸುತ್ತದೆ. ಎಷ್ಟು ಆಳಕ್ಕೆ, ಎಲ್ಲಿಗೆ ಹೋಯಿತು ಎಂಬುದು ಹಿಡಿದವರ ಕೈಯಲ್ಲಿರುವುದಿಲ್ಲ.


ಬಲಗಡೆ ಗೆರೆ, ದಾವಣಗೆರೆ
ಮಾರ್ಚ್ 10

ಮೇಡಂ, ನಾನು ಗಂಡಸು, 29 ವರ್ಷ. ಇಲ್ಲಿ ಬರೆಯಬಹುದೋ ಇಲ್ಲವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಸೀಳುತುಟಿಯೊಂದಿಗೆ. ಐದು ತಿಂಗಳ ಕೂಸಿದ್ದಾಗ ಹೊಲಿದರು. ಮೇಲ್ತುಟಿಯ ಬಲಭಾಗ ತೆಳು, ಹೊಲಿಗೆ ಗೆರೆಯ ಹತ್ತಿರ ಒಂದು ಕಚ್ಚು ಬಿದ್ದಂತಿತ್ತು. ಮೀಸೆ ಬಿಟ್ಟು ಮುಚ್ಚಿಕೊಂಡಿದ್ದೆ. ಹೋದ ವರ್ಷ ಪ್ಲಾಸ್ಟಿಕ್ ಸರ್ಜನ್ ಒಬ್ಬರು ಆ ಬದಿಗೆ ಮಾತ್ರ 0.3 ಎಂಎಲ್ ಹಾಕಿದರು. ಒಂದೇ ದಿನ ಹಾಕಲಿಲ್ಲ, ಎರಡು ಸಲಕ್ಕೆ ಹಾಕಿದರು. ಹಳೆಯ ಗಾಯದ ಕೆಳಗೆ ರಕ್ತನಾಳ ಇರಬೇಕಾದ ಕಡೆ ಇರುವುದಿಲ್ಲ, ಜೆಲ್ ಕೂಡ ಸಲೀಸಾಗಿ ಹರಡುವುದಿಲ್ಲ, ಅದಕ್ಕೆ ನಿಧಾನ ಎಂದರು.

ಗಾಯದ ಗೆರೆ ಹಾಗೇ ಇದೆ. ಅದು ಹೋಗುವುದಿಲ್ಲ ಎಂದು ಮೊದಲೇ ಹೇಳಿದ್ದರು. ಆದರೆ ಎರಡೂ ಬದಿ ಈಗ ಒಂದೇ ಎತ್ತರಕ್ಕೆ ಬಂದಿದೆ. ಪೀಪಿ ಊದಿದರೆ ಗಾಳಿ ಸೋರುವುದಿಲ್ಲ. ನನಗೆ ಗೊತ್ತಾದ ಮೊದಲ ವ್ಯತ್ಯಾಸ ಅದೇ. ಅಣ್ಣನ ಮಗಳ ಹುಟ್ಟುಹಬ್ಬದ ದಿನ ಊದಿದೆ.

0.3 ಎಂದರೆ ಸಿರಿಂಜಿನ ಮೂರನೇ ಒಂದು ಪಾಲಿಗಿಂತ ಕಡಿಮೆ. ಸ್ವಲ್ಪ ಹಾಕಿದರೆ ದುಡ್ಡು ದಂಡ ಎಂದವರ ಮಾತು ನಂಬಬೇಡಿ ಮೇಡಂ. ನಾನು ಮೀಸೆ ತೆಗೆದಿದ್ದೇನೆ.


ಬೇವಿನಕಟ್ಟೆ, ಮಂಡ್ಯ
ಮಾರ್ಚ್ 11

ಒಂದು ಸಣ್ಣ ಮಾತು. ನಾನೂ ಫಿಲ್ಲರ್ ಬೇಕು ಎಂದು ಹೋಗಿದ್ದೆ. ಡಾಕ್ಟರು ನೋಡಿ, ನಿಮ್ಮ ತುಟಿ ತೆಳುವಲ್ಲ, ಅಂಚು ಕಪ್ಪಾಗಿ ಮುಖದ ಬಣ್ಣದಲ್ಲಿ ಸೇರಿಹೋಗಿದೆ, ಅದಕ್ಕೇ ಸಣ್ಣದಾಗಿ ಕಾಣುತ್ತದೆ ಎಂದರು. ಕಾರಣ ಒಂದು ಲಿಪ್‌ಸ್ಟಿಕ್ ಒಗ್ಗದೇ ಇದ್ದದ್ದು, ಜೊತೆಗೆ ತುಟಿ ನೆಕ್ಕುವ ಅಭ್ಯಾಸ. ಫಿಲ್ಲರ್ ಬಣ್ಣ ಬದಲಿಸುವುದಿಲ್ಲವಂತೆ. ಮುಲಾಮು, ಬಿಸಿಲು ತಡೆಯುವ ಲಿಪ್ ಬಾಮ್ ಬರೆದುಕೊಟ್ಟು ಕಳಿಸಿದರು. ಅಂಚು ತಿಳಿಯಾಗುವುದಕ್ಕೆ ಆರು ತಿಂಗಳು ಹಿಡಿಯಿತು. ನಿಮ್ಮದು ಹಾಗಲ್ಲ ಎಂದು ಗೊತ್ತು. ಇದನ್ನು ಓದುವ ಬೇರೆಯವರಿಗೆ ಇರಲಿ ಎಂದು ಬರೆದೆ.


ಹಿತ್ತಲಮಲ್ಲಿಗೆ, ತುಮಕೂರು
ಮಾರ್ಚ್ 11

ಇಷ್ಟೊಂದು ಪ್ರೀತಿಯಿಂದ ಬರೆದಿದ್ದೀರಿ, ಓದುತ್ತಾ ಕಣ್ಣು ತುಂಬಿ ಬಂತು. ದಾವಣಗೆರೆಯ ತಮ್ಮ, ನೀವು ಇಲ್ಲಿ ಖಂಡಿತ ಬರೆಯಬಹುದು. ನಿಮ್ಮ ಪೀಪಿಯ ಮಾತನ್ನು ಅಮ್ಮನಿಗೆ ಓದಿ ಹೇಳಿದೆ.

ಜಯನಗರಕ್ಕೇ ಹೋಗುತ್ತೇನೆ, ಅರ್ಧವೇ ಹಾಕಿಸುತ್ತೇನೆ. ಕಪಿಲೆ ಅಕ್ಕ, ಒಂದೇ ಪ್ರಶ್ನೆ. ಮೇ 15ಕ್ಕೆ ಮದುವೆ, ಏಪ್ರಿಲ್ 12ಕ್ಕೆ ಮಾಡಿಸಿದರೆ ಸಮಯ ಸಾಕಾ? ಹೋಗುವಾಗ ಏನೇನು ನೋಡಿಕೊಳ್ಳಬೇಕು?


ಕಪಿಲೆಯ ದಡ, ನಂಜನಗೂಡು / ಬೆಂಗಳೂರು
ಮಾರ್ಚ್ 11

ಸಾಕು, ನಾಲ್ಕು ವಾರದ ಮೇಲೆ ಸಿಗುತ್ತದೆ. ಇನ್ನೂ ತಡ ಮಾಡಬೇಡ.

ಬಾಕ್ಸ್ ನಿನ್ನ ಎದುರಿಗೇ ಒಡೆಯಬೇಕು. ಒಳಗೆ ಬ್ಯಾಚ್ ನಂಬರಿನ ಅಂಟುಚೀಟಿ ಇರುತ್ತದೆ, ಒಂದನ್ನು ನಿನ್ನ ಫೈಲಿಗೆ ಅಂಟಿಸಲು ಹೇಳು, ನೀನೂ ಫೋಟೊ ತೆಗೆದುಕೋ. ನನ್ನ ಎರಡನೇ ಸಲದ್ದಕ್ಕೆ ಆ ಚೀಟಿಯೇ ಇರಲಿಲ್ಲ, ಏನು ಹಾಕಿದರು ಎಂದು ಇವತ್ತಿಗೂ ಗೊತ್ತಿಲ್ಲ. ಕ್ಲಿನಿಕ್ಕಿನ ಕೆಪಿಎಂಇ ನಂಬರ್, ಅಂದರೆ ಖಾಸಗಿ ಆಸ್ಪತ್ರೆಗಳ ಸರ್ಕಾರಿ ನೋಂದಣಿ ನಂಬರ್, ಗೋಡೆ ಮೇಲೆ ಇರಬೇಕು. ಡಾಕ್ಟರ ಕೌನ್ಸಿಲ್ ನೋಂದಣಿ ನಂಬರನ್ನೂ ನೋಡು. ಚುಚ್ಚುವವರು ಅವರೇ ಅಂತ ಖಚಿತ ಮಾಡಿಕೋ. ನೋವಿನ ಮಾತ್ರೆ, ಮೀನೆಣ್ಣೆ, ವಿಟಮಿನ್ ಇ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಈಗಲೇ ಹೇಳು, ಚುಚ್ಚಿದ ಕಡೆ ಚರ್ಮದಡಿ ರಕ್ತ ಕಟ್ಟಿ ನೀಲಿಯಾಗುವುದು ಜಾಸ್ತಿ ಆಗುತ್ತದೆ. ಯಾವುದಾದರೂ ಕಾಯಿಲೆಗೆ ಅಂತ ಡಾಕ್ಟರು ಕೊಟ್ಟ ಮಾತ್ರೆ ಇದ್ದರೆ ಮಾತ್ರ ನೀನಾಗಿ ನಿಲ್ಲಿಸಬೇಡ, ಕೇಳಿ ನಿಲ್ಲಿಸು.

ಮುಖ್ಯವಾದದ್ದು: ಇವತ್ತೇ ನಾಲ್ಕು ಫೋಟೊ ತೆಗೆದಿಡು. ಎದುರಿನಿಂದ, ಎರಡೂ ಪಕ್ಕದಿಂದ, ಮತ್ತು ಬಾಯಿ ತುಂಬ ನಗುತ್ತಾ ಒಂದು. ಎಂಟು ತಿಂಗಳಾದ ಮೇಲೆ ಇಳಿದಿದೆ ಅನ್ನಿಸಿದಾಗ ಅವನ್ನು ತೆಗೆದು ನೋಡು.


ಹಿತ್ತಲಮಲ್ಲಿಗೆ, ತುಮಕೂರು
ಏಪ್ರಿಲ್ 17

ಮಾಡಿಸಿಕೊಂಡು ಐದು ದಿನ ಆಯಿತು.

ಸಣ್ಣ ಸಿರಿಂಜ್ ಅವರಲ್ಲಿ ಇರಲಿಲ್ಲ. ಪೂರ್ತಿ ಸಿರಿಂಜಿಗೇ ದುಡ್ಡು ಕೊಟ್ಟೆ. ಉಳಿದದ್ದನ್ನು ಇಡುವುದು ಬೇಡ ಎಂದು ಕೇಳಿಕೊಂಡೆ. ಡಾಕ್ಟರಮ್ಮ ಒಂದು ಕ್ಷಣ ನನ್ನ ಮುಖ ನೋಡಿ "ಸರಿ, ನೀವು ಹೇಳುವುದು ಸರಿಯೇ" ಎಂದು ನನ್ನ ಎದುರಿಗೇ ಎಸೆದರು. ಅಷ್ಟು ದುಡ್ಡು ಕಸಕ್ಕೆ ಬಿದ್ದದ್ದು ನೋಡಿ ಹೊಟ್ಟೆ ಉರಿಯಿತು. ಆದರೂ ಮಾಡಿದ್ದು ಸರಿ. ಹೈಲುರೊನಿಡೇಸ್ ಇದೆಯಾ ಎಂದು ಕೇಳಿದ್ದಕ್ಕೆ ಅವರಿಗೆ ಖುಷಿಯೇ ಆಯಿತು, ಡ್ರಾಯರ್ ತೆಗೆದು ತೋರಿಸಿದರು.

ಮೇಲ್ತುಟಿಗೆ ಹೋಗಿದ್ದು 0.45. ನಡುವಿನ ಬಿಲ್ಲಿನ ತಿರುವಿಗೆ ಸ್ವಲ್ಪ, ಎರಡೂ ಬದಿಗೆ ಸ್ವಲ್ಪ ಸ್ವಲ್ಪ. ಅಂಚಿನ ಗೆರೆಗೆ ಹಾಕಲೇ ಇಲ್ಲ. ನಡುನಡುವೆ ಎಬ್ಬಿಸಿ ಕೂರಿಸಿ, "ಈಗ ಒಂದು ವಾಕ್ಯ ಹೇಳಿ" ಎನ್ನುತ್ತಿದ್ದರು. ಏನೂ ತೋಚದೆ ಅಂದಿನ ತಾರೀಖು, ವಾರ ಹೇಳಿದೆ.

ಆ ರಾತ್ರಿ ರಾಜಾಜಿನಗರದಲ್ಲಿ ದೊಡ್ಡಮ್ಮನ ಮನೆಯಲ್ಲಿ ಉಳಿದೆ. ತಲೆಯ ಕೆಳಗೆ ಎರಡು ದಿಂಬು ಇಟ್ಟುಕೊಂಡು ಮಲಗಿ, ಎರಡು ಗಂಟೆಗೊಮ್ಮೆ ಎದ್ದು ತುಟಿ ಮಡಚಿ ಒತ್ತಿ ಒತ್ತಿ ನೋಡಿದೆ. ಒತ್ತಿದ ಕಡೆ ಬೆಳ್ಳಗಾಗಿ, ಒಂದು ಎರಡು ಎನ್ನುವಷ್ಟರಲ್ಲಿ ಕೆಂಪು ವಾಪಸು ಬರುತ್ತಿತ್ತು. ಮಾರನೇ ದಿನ ಚೆನ್ನಾಗಿ ಊದಿತ್ತು. ಅಕ್ಕ ಹೇಳಿದ್ದಿದ್ದರಿಂದ ಹೆದರಲಿಲ್ಲ. ಮೂರನೇ ದಿನ ಅರ್ಧ ಇಳಿಯಿತು. ಬಲಗಡೆ ಒಂದು ಸಣ್ಣ ಕಾಳಿನಂಥ ಗಂಟು ಕೈಗೆ ಸಿಗುತ್ತಿದೆ, ಕಣ್ಣಿಗೆ ಕಾಣುವುದಿಲ್ಲ. ಫೋನ್ ಮಾಡಿದ್ದಕ್ಕೆ, ಉಜ್ಜಬೇಡಿ, ಎರಡು ವಾರ ನೋಡೋಣ ಎಂದರು.

ಎರಡನೇ ದಿನ ಕನ್ನಡಿ ಮುಂದೆ ನಿಂತು ಪ ಫ ಬ ಭ ಮ ಹೇಳಿ ನೋಡಿದೆ. ಪ ಹೇಳಿದರೆ ತುಟಿ ತಡವಾಗಿ ಬಿಡುತ್ತಿತ್ತು, ಭ ಅಂತೂ ಬ ಆಗಿಬಿಡುತ್ತಿತ್ತು. ಇವತ್ತು ಬೆಳಗ್ಗೆ ಐದೂ ಸರಿಯಾಗಿ ಬಂತು. ಅಮ್ಮ ಅಡುಗೆಮನೆಯಿಂದ "ಯಾರಿಗೆ ಪಾಠ ಮಾಡ್ತಿದ್ದೀಯೆ?" ಎಂದು ಕೂಗಿದಳು. ನಗು ಬಂತು. ನಗುತ್ತಿದ್ದಾಗಲೇ ಕನ್ನಡಿಯಲ್ಲಿ ಕಂಡಿತು. ಮೇಲ್ತುಟಿ ಇತ್ತು. ಒಸಡು ಈಗಲೂ ಸ್ವಲ್ಪ ಕಾಣುತ್ತದೆ, ಇರಲಿ.

ಚಿಕ್ಕಮ್ಮನ ಮಗಳನ್ನು ಒಪ್ಪಿಸಿದ್ದೇನೆ, ಪಾರ್ಲರಿಗೆ ಹೋಗಿಲ್ಲ. ಹುಬ್ಬಳ್ಳಿಯ ಡಾಕ್ಟರು ಇಲ್ಲಿ ಬರೆದದ್ದನ್ನು ಅವಳ ಕೈಗೇ ಕೊಟ್ಟು ಓದಿಸಿದೆ. ಮೇ 10ಕ್ಕೆ ಮತ್ತೆ ತೋರಿಸಲು ಹೋಗಬೇಕು. ಆ ಗಂಟಿನ ವಿಷಯ ಆವತ್ತು ಬಂದು ಬರೆಯುತ್ತೇನೆ.